ಮೇಜಿನ ಮೇಲಿನ ಸಾಸ್ ಬಾಟಲಿ

ಮಂಗಳವಾರ, ಮಧ್ಯಾಹ್ನ

ವಾರದ ಕೊನೆಗೆ ಮಾತ್ರ ಅಪ್ಪನಾಗುವವರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಕ್ಷೇಮವಾಗಿಯೇ ಇರುತ್ತೀರಿ. ಫೋನ್ ಮಾಡಿದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಕಿರುಚುತ್ತೇನೆ, ಮಗಳು ಚೋಟು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಕೂರುತ್ತಾಳೆ. ಅದಕ್ಕೇ ಈ ಕಾಗದ. ಪರದೆ ಹೊಲಿಯುವ ನನ್ನ ಮೇಜಿನ ಮೇಲೆ, ಯಾರದೋ ಮಲಗುವ ಕೋಣೆಯ ಪರದೆಯನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ.

ಭಾನುವಾರ ಸಂಜೆ ಚೋಟುವನ್ನು ನೀವು ಬಾಗಿಲಲ್ಲಿ ಬಿಟ್ಟು ಹೋದಾಗ ಅವಳ ಕಣ್ಣುರೆಪ್ಪೆ ಊದಿಕೊಂಡಿತ್ತು. ಶೂ ಬಿಚ್ಚಲು ಕೂತರೆ ಕಾಲೇ ಹೊರಗೆ ಬರಲೊಲ್ಲದು. ಅವಳ ಕಿಡ್ನಿಗೆ ಉಪ್ಪು ಆಗದು, ಹೆಚ್ಚಾದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಆವತ್ತು ನೀವು ನನಗಿಂತ ಜೋರಾಗಿ ತಲೆಯಾಡಿಸಿದ್ದಿರಿ.

ಆ ರಾತ್ರಿಯೇ ಅವಳನ್ನು ಆಸ್ಪತ್ರೆಗೆ ಒಯ್ದೆ, ನೀವೂ ಬಂದಿರಿ. ಅಲ್ಲಿ ನಿಮ್ಮ ಸಮಜಾಯಿಷಿ ಕೇಳಿದೆ. ಆಲೂಗಡ್ಡೆಗೆ ಉಪ್ಪು ಹಾಕಿಲ್ಲವಂತೆ, ಮೊಟ್ಟೆಗೂ ಹಾಕಿಲ್ಲವಂತೆ, ಮೇಲೆ ಒಂಚೂರು ಸಾಸ್ ಸುರಿದದ್ದು ಅಷ್ಟೇ ಅಂತೆ. ಒಂಚೂರು! ಎರಡು ದಿನಕ್ಕೆ ಅರ್ಧ ಬಾಟಲಿ. ಅದರಲ್ಲಿರುವುದು ಬರೀ ಟೊಮೆಟೊ ಎಂದುಕೊಂಡಿರಾ? ದಿನವಿಡೀ ಅಂಗಡಿ ಅಂಗಡಿಗೆ ಪ್ಯಾಕೆಟ್ ಸೂಪು, ಕಪ್ಪಿನ ನೂಡಲ್ಸು, ಸಾಸು ಇಳಿಸುವ ವ್ಯಾನ್ ಓಡಿಸುತ್ತೀರಿ. ಪ್ಯಾಕೆಟ್ಟಿನ ಮೇಲೊಂದು ಹಸಿರೆಲೆಯ ಚಿತ್ರ ಇದ್ದರೆ ಸಾಕು, ನಿಮ್ಮ ಪಾಲಿಗೆ ಅದು ಈಗತಾನೇ ತೋಟದಿಂದ ಕಿತ್ತು ತಂದದ್ದು. ಹಿಂದುಗಡೆಯ ಸಣ್ಣಕ್ಷರ ಓದಲು ಕನ್ನಡಕ ಬೇಕು. ಕನ್ನಡಕ ಹಾಕಿದರೆ ನಿಮಗೆ ವಯಸ್ಸಾಗಿಬಿಡುತ್ತದಲ್ಲ!

ನನಗೇನು ಆಸೆಯಿಲ್ಲವೇ? ಕೆಲಸ ಮುಗಿಸಿ ಸೊಂಟ ಹಿಡಿದುಕೊಂಡು ಬರುವಾಗ, ಬಿಸಿನೀರು ಹುಯ್ದರೆ ಊಟವಾಗುವ ಆ ಕಪ್ಪುಗಳು ನಮ್ಮ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಸಾಲಾಗಿ ಕೂತಿರುತ್ತವೆ. ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದು ಎಲೆಕೋಸು ಹೆಚ್ಚುತ್ತೇನೆ. ಉಪ್ಪಿಲ್ಲದ ಅಡುಗೆಯನ್ನು ಒಂಬತ್ತು ವರ್ಷದವಳ ಬಾಯಿಗೆ ಇಳಿಸುವುದೆಂದರೆ ದಿನಾ ಜಗಳ. ತಟ್ಟೆ ದೂಡುತ್ತಾಳೆ. ನೀನು ಕೆಟ್ಟೋಳು, ಅಪ್ಪನೇ ಒಳ್ಳೇವ್ರು ಅನ್ನುತ್ತಾಳೆ. ಐದು ದಿನ ನಾನು ರಾಕ್ಷಸಿ, ಎರಡು ದಿನ ನೀವು ದೇವರು. ಎಷ್ಟು ಹೊಟ್ಟೆ ಉರಿಯುತ್ತದೆ ಗೊತ್ತೇ?

ಎಲ್ಲಕ್ಕಿಂತ ಮೈ ಉರಿದದ್ದು ನರ್ಸ್ ಎದುರಿಗೆ ನೀವು ಆಡಿದ ಮಾತಿಗೆ. ಇವಳ ಮನೇಲೂ ಅದೇ ಬಾಟಲಿ ಇದೆ, ಶನಿವಾರ ಮಗಳನ್ನ ಕರ್ಕೊಂಡು ಬರೋಕೆ ಹೋದಾಗ ಊಟದ ಮೇಜಿನ ಮೇಲೆ ಕಣ್ಣಾರೆ ನೋಡಿದೀನಿ, ಇವಳು ಕೊಟ್ರೆ ಸರಿ, ನಾನು ಕೊಟ್ರೆ ತಪ್ಪಾ ಅಂದಿರಿ. ನರ್ಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಚೋಟುವಿನ ಹೊದಿಕೆ ಎಳೆದು ಸರಿಮಾಡಿದೆ. ಸಿಕ್ಕಿಬಿದ್ದಳು ಎಂದು ನಿಮಗೆ ಒಳಗೊಳಗೇ ಖುಷಿಯಾಗಿರಬೇಕು. ನನ್ನ ಮೇಜಿನ ಮೇಲೆ ಏನಿದೆ ಎಂಬ ಉಸಾಬರಿ ನಿಮಗೆ ಬೇಡ. ಮಗಳು ಊದಿಕೊಂಡು ಬಂದದ್ದು ನಿಮ್ಮ ಮನೆಯಿಂದ.

ಇನ್ನು ಶನಿವಾರ ಬರಬೇಡಿ. ಅವಳನ್ನು ಕಳಿಸುವುದಿಲ್ಲ. ವಕೀಲರು ಗಿಕೀಲರು ಎಂದು ಹೆದರಿಸಿದರೆ ಹೆದರುವವಳು ನಾನಲ್ಲ. ಮಗಳು ಬೇಕಿದ್ದರೆ ಮೊದಲು ನೆಟ್ಟಗೆ ಅಡುಗೆ ಕಲಿಯಿರಿ.

ಇಂತಿ,
ನಿಮ್ಮ ಹೆಂಡತಿಯಾಗಿದ್ದವಳು

ವಿ.ಸೂ.: ಬುಧವಾರ ಬೆಳಿಗ್ಗೆ. ಇದನ್ನು ಇನ್ನೂ ಕಳಿಸಿರಲಿಲ್ಲ. ಇನ್ನು ಅಪ್ಪನ ಮನೆ ಇಲ್ಲ ಎಂದು ನಿನ್ನೆ ಸಂಜೆ ಚೋಟುಗೆ ಹೇಳಿದೆ. ಅವಳು ಅಳಲಿಲ್ಲ. ಆ ಬಾಟಲಿಯನ್ನು ತಂದು ನನ್ನ ಮುಂದೆ ಕುಕ್ಕಿದಳು. ಅಪ್ಪ ಸಾಸ್ ಬೇಡ ಅಂದಿದ್ರು, ಅಮ್ಮ ದಿನಾ ಇದನ್ನೇ ಹಾಕ್ತಾಳೆ ಅಂತ ನಾನೇ ಹೇಳಿದ್ದು ಎಂದಳು. ಆಸ್ಪತ್ರೆಯಲ್ಲಿ ನೀವು ಅವಳ ಹೆಸರು ಎತ್ತಲಿಲ್ಲ.

ಅವಳು ಸುಳ್ಳು ಹೇಳಿಲ್ಲ. ಬಾಟಲಿ ನಿಮ್ಮ ಕಂಪನಿಯದು, ನೀವು ಮನೆ ಬಿಟ್ಟಾಗ ಉಳಿದದ್ದು. ಒಳಗಿರುವುದು ನಾನು ಬೇಯಿಸಿ ಸೋಸಿದ, ಉಪ್ಪಿಲ್ಲದ ಟೊಮೆಟೊ. ಅಂಗಡಿಯದು ಎಂದರಷ್ಟೇ ತಿನ್ನುತ್ತಾಳೆಂದು ಅದರಲ್ಲಿ ತುಂಬಿಸಿಡುತ್ತಿದ್ದೆ. ನಿನ್ನೆ ಅವಳಿಗೆ ಅದನ್ನೂ ಹೇಳಬೇಕಾಯಿತು. ಆಗಿನಿಂದ ನಾನು ಕೊಟ್ಟ ಏನನ್ನೂ ಬಾಯಿಗೆ ಹಾಕಿಲ್ಲ. ಮಾತ್ರೆಯನ್ನೂ ಉಗಿದಳು.

ಇವತ್ತು ನಿಮ್ಮ ವ್ಯಾನು ಕೆಳಗಿನ ಅಂಗಡಿಗೆ ಬರುತ್ತದಲ್ಲ, ಇದನ್ನು ಅಲ್ಲೇ ಕೊಟ್ಟಿರುತ್ತೇನೆ. ಓದಿದ ಕೂಡಲೇ ಮೇಲೆ ಬನ್ನಿ. ನಾನು ಒಳಕೋಣೆಯಲ್ಲಿರುತ್ತೇನೆ, ಹೊರಗೆ ಬರುವುದಿಲ್ಲ. ಅಡುಗೆ ಮಾಡಿಟ್ಟಿದ್ದೇನೆ. ನೀವು ಮಾಡಿದ್ದೆಂದು ಹೇಳಿ ತಿನ್ನಿಸಿ.