ಎರಡಾಳಿನ ತೂಕದ ಚೀಸ್

ಅತ್ತಿಗೆ,
ಮೂರು ಫ್ರಾಂಕ್ ಲಗೇಜು ಬಾಡಿಗೆ ಉಳಿಸಲು ಹೋಗಿ ನಿಮ್ಮ ನಾಲ್ಕು ಚೀಸ್ ಬಿಲ್ಲೆ ಕಳೆದೆ. ಪೂರ್ತಿ ಓದಿ ಆಮೇಲೆ ಬೈಯಿರಿ.

ಈ ಬೆಟ್ಟದ ರೈಲಿಗೆ ಒಂದೇ ಹಗ್ಗ, ಎರಡು ಗಾಡಿ. ಕೆಳಗೆ ಹತ್ತಿದವರನ್ನು ಎಣಿಸಿ, ಅದಕ್ಕೆ ತಕ್ಕಷ್ಟು ನೀರನ್ನು ಮೇಲಿನ ಗಾಡಿಯ ತೊಟ್ಟಿಗೆ ತುಂಬುತ್ತಾರೆ. ಅದು ಇಳಿದರೆ ಇದು ಏರುತ್ತದೆ. ನಾನು ಬೆಂಚಿನಡಿ ಬಚ್ಚಿಟ್ಟ, ಬೀಸುಕಲ್ಲಿನಂಥ ಎಂಟು ಬಿಲ್ಲೆ, ಒಟ್ಟು ಎರಡಾಳಿನ ತೂಕ, ಆ ಲೆಕ್ಕಕ್ಕೆ ಬರಲಿಲ್ಲ. ಬುಡದ ಏರು ಕಡಿಮೆಯಿದ್ದುದರಿಂದ ನಡುದಾರಿಯವರೆಗೆ ಹೇಗೋ ಬಂದು, ಅಲ್ಲಿ ಎರಡೂ ಗಾಡಿ ಅಕ್ಕಪಕ್ಕ ನಿಂತೇಬಿಟ್ಟವು. ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಮೇಲಿನ ಹೋಟೆಲಿನ ಒಡತಿ ಬೇರೆಯವರ ಚೀಸ್ ಕೊಳ್ಳುವವಳಿದ್ದಳು.

"ಟಿಕೆಟ್ ಇಲ್ದೆ ಕೂತಿರೋನು ಯಾರಪ್ಪಾ?" ಎಂದ ಕಂಡಕ್ಟರ್ ಫ್ಲೂರಿ.
"ಕೂತಿಲ್ಲ, ಬೆಂಚಿನ ಕೆಳಗೆ ಮಲಗವೆ," ಎಂದೆ.
"ಹಂಗಾದ್ರೆ ಎಬ್ಸಿ ಆಚೆ ಗಾಡಿಗೆ ಕಳ್ಸು ಮಾರಾಯ."

ಸ್ಕೀ ಆಡಲು ಹೊರಟವರೆಲ್ಲ ಸಾಲಾಗಿ ನಿಂತು ಬಿಲ್ಲೆಗಳನ್ನು ಕಿಟಕಿಯಿಂದ ಕಿಟಕಿಗೆ ದಾಟಿಸಿದರು. ನಾಲ್ಕನೆಯದು ಆಚೆ ಹೋದದ್ದೇ ತಡ, ನಾವು ಮೇಲೆ, ಅವರು ಕೆಳಗೆ! ಅಂಥ ಕೇಕೆಯನ್ನು ನಾನು ಮದುವೆಮನೆಯಲ್ಲೂ ಕೇಳಿಲ್ಲ.

ಹನ್ನೊಂದೂಮುಕ್ಕಾಲಿಗೆ ಮುಟ್ಟಿದೆ. ಅಷ್ಟು ಭಾರ ಎತ್ತಿದರೂ ನನ್ನ ಸೊಂಟ ಚೆನ್ನಾಗಿದೆ. ಅಂಚೆಯವನು ಚೀಲ ಕಟ್ಟುತ್ತಿದ್ದಾನೆ, ಬೇಗ ಮುಗಿಸುತ್ತೇನೆ.

ರೈಲಿನವರಿಗೆ ನನ್ನಿಂದ ಐದು ಫ್ರಾಂಕ್ ದಂಡ ಸಿಕ್ಕಿತು. ಕೆಳಗಿಳಿದವರಿಗೆ ಬಿಟ್ಟಿ ಊಟವಾಯಿತು. ನಿಮಗೆ ಹೋಟೆಲಿನ ಒಡತಿಯಿಂದ ಚಳಿಗಾಲವಿಡೀ ವಾರಕ್ಕೆ ಎಂಟು ಬಿಲ್ಲೆಯ ಆರ್ಡರ್ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಅಡ್ಡಹೆಸರು.

ಇಂತಿ,
ಎರಡಾಳು ಗೌಡೆಂತ್ಸ್