ಕಲೆ ಇರುವ ಕಡೆ

ಫೆಬ್ರವರಿ 9, ಬೆಳಿಗ್ಗೆ

ಗಂಡನಿಗೆ ಚಹಾ, ಗಿಡಕ್ಕೆ ನೀರು, ಅಂಗಡಿ ಬೀಗದ ಕೈ ಚೀಲಕ್ಕೆ. ಹೊರಡಬೇಕು ಅನ್ನುವಷ್ಟರಲ್ಲಿ ಕಣ್ಣಿಗೆ ಬಿತ್ತು — ಆರ್ಕಿಡ್ ಎಲೆಯ ಮೇಲೆ ಮತ್ತೊಂದು ಗುಳಿ. ಹೆಬ್ಬೆರಳಲ್ಲಿ ಒತ್ತಿದ ಹಾಗೆ ತಗ್ಗು, ಒಳಗೆ ಕಂದು.

ಇವರು ಬಸ್ಸಿನ ಸ್ಟಿಯರಿಂಗ್ ಬಿಟ್ಟು ನಿವೃತ್ತರಾದ ದಿನ ಡಿಪೋದವರು ಕೊಟ್ಟ ಗಿಡ. ಜೊತೆಗೆ ಕೊಟ್ಟ ಗೋಡೆ ಗಡಿಯಾರ ಆಗಲೇ ನಿಂತಿದೆ. ಕ್ಲಚ್ ತುಳಿದು ಸವೆದ ಎಡ ಮೊಣಕಾಲಿಗೆ ಆಪರೇಷನ್ ಆಯಿತು. ಅದೂ ನಿಂತ ಹಾಗೇ ಇದೆ. ಮಂಚದಿಂದ ಕಿಟಕಿ ಪಕ್ಕದ ಕುರ್ಚಿ, ಕುರ್ಚಿಯಿಂದ ಮಂಚ. ಈಗ ನಡೆಯದಿದ್ದರೆ ಆಮೇಲೆ ಕಾಲು ಮಡಚುವುದೇ ಇಲ್ಲ ಅಂದಿದ್ದಾರೆ ಡಾಕ್ಟರು.

"ಮೆಟ್ಟಿಲು ಇಳೀರಿ ಅಂದ್ರೆ" ಅಂದೆ.

"ಈ ಗಿಡ ಹೊಸ ಎಲೆ ಬಿಡ್ಲಿ. ಅವತ್ತೇ ಇಳೀತೀನಿ."

"ಮಾತು ಅಂದ್ರೆ ಮಾತು?"

"ನನ್ನ ಬಸ್ಸು ಯಾವತ್ತಾದ್ರೂ ಲೇಟಾಗಿ ಹೊರಟಿತ್ತೇನೇ?"

ಸರಿ. ಈಗ ಕಾಲೂ ಕುಂಡದಲ್ಲೇ.

ಫೆಬ್ರವರಿ 12

ನರ್ಸರಿಯವನ ಹತ್ತಿರ ಹೋಗಿದ್ದೆ. ಮಾತಿಗೆ ಬಾಡಿಗೆ ಕೊಡಬೇಕೇನೋ ಅನ್ನುವಷ್ಟು ಜಿಪುಣ. ಫೋಟೋ ನೋಡಿ, "ಬಿಸಿಲು" ಅಂದ. ಮುಗಿಯಿತು.

ಪರದೆ ಮಾರುವವಳ ಮನೆಯಲ್ಲಿ ಬಿಸಿಲಿನ ಕಾಟ! ಬಟ್ಟೆಯ ಗಂಟು ಹೆಗಲ ಮೇಲೆ ಹೊತ್ತು ಮನೆಮನೆಗೆ ಅಲೆದು ಅಂಗಡಿ ಮಾಡಿದವಳು ನಾನು. ಯಾವ ಕಿಟಕಿಗೆ ಯಾವ ಬಟ್ಟೆ ಎಂದು ನನಗೇ ಹೇಳಬೇಕೆ? ಆದರೂ ದಪ್ಪ ಪರದೆ ಹಾಕಿದೆ. ಕೋಣೆ ಗುಹೆ. ಇವರು ಒಳಗೆ ಕೂತ ಕರಡಿ. ಪೇಪರ್ ಓದಲು ಟಾರ್ಚ್ ಕೇಳಿದರು.

ಫೆಬ್ರವರಿ 17

ಕತ್ತಲಲ್ಲೂ ಹೊಸ ಗುಳಿ. ಬಿಸಿಲಿನ ಮೇಲಿದ್ದ ಕೇಸು ಖುಲಾಸೆ. ಪರದೆ ತೆಗೆದೆ.

ಎರಡನೆಯ ಆರೋಪಿ, ರೋಗ. ಔಷಧಿ ಸಿಂಪಡಿಸಿದೆ. ನನಗೆ ಸೀನು, ಇವರಿಗೆ ಕೆಮ್ಮು. ಎಲೆಗೆ ಏನೂ ಗುಣ ಇಲ್ಲ.

ಸಂಜೆ ಫಿಸಿಯೋ ಹುಡುಗಿ ಬಂದಿದ್ದಳು. ಮೊಣಕಾಲು ಒತ್ತಿ ನೋಡಿ ಮುಖ ಸಣ್ಣದು ಮಾಡಿದಳು. "ಊತ ಇಳಿದೇ ಇಲ್ವಲ್ಲ ಅಂಕಲ್. ಐಸ್ ಇಡ್ತಿದೀರಾ?"

"ತಪ್ಪದೆ!"

ನಿಜ ಇರಬೇಕು. ಇವರ ಕುರ್ಚಿಯ ಪಕ್ಕದಲ್ಲೇ ಇರುವ ಫ್ರಿಜ್‌ನಲ್ಲಿ ಐಸ್ ಟ್ರೇ ದಿನಾ ಖಾಲಿ. ತುಂಬಿಡುವವಳು ನಾನೇ. ಮತ್ತೆ ಊತ ಯಾಕೆ ಇಳಿಯುವುದಿಲ್ಲ?

ಫೆಬ್ರವರಿ 20, ಮಧ್ಯಾಹ್ನ — ಅಂಗಡಿಯಲ್ಲಿ

ಬ್ಯಾಂಕ್ ಮ್ಯಾನೇಜರ್ ಹೆಂಡತಿ ಪರದೆ ವಾಪಸ್ ತಂದು ಕೌಂಟರ್ ಮೇಲೆ ಎಸೆದಳು. ಬಣ್ಣ ಹೋಯಿತಂತೆ. ಬಿಡಿಸಿ ನೋಡಿದೆ. ಕಿಟಕಿಯ ಕಡೆ ಹೊಸದರ ಹಾಗಿದೆ, ಕಲೆ ಇರುವುದು ಕೋಣೆಯ ಕಡೆ, ಕೆಳಗೆ, ಮೊಣಕಾಲೆತ್ತರದಲ್ಲಿ.

"ಮನೇಲಿ ನಾಯಿ ಇದೆಯಾ ಮೇಡಂ?"

"ಇದೆ. ಯಾಕೆ?"

"ಅದನ್ನೇ ಕೇಳಿ."

ಕಲೆ ಯಾವ ಕಡೆಯೋ ಕಾರಣ ಆ ಕಡೆ. ಈ ದಂಧೆಯಲ್ಲಿ ನಾನು ಕಲಿತ ಮೊದಲ ಪಾಠ. ಅವಳು ಹೋದ ಮೇಲೆ ತಲೆಗೆ ಹೊಳೆಯಿತು… ಗಿಡದ ಗುಳಿಗಳೂ ಕಿಟಕಿಯ ಕಡೆ ಒಂದೂ ಇಲ್ಲ. ಎಲ್ಲಾ ಕುರ್ಚಿಯ ಕಡೆಯೇ.

ಬೀಗ ಹಾಕಿ ಮನೆಗೆ ಹೊರಟೆ.

ಅದೇ ದಿನ, ಸಂಜೆ

ಸದ್ದಿಲ್ಲದೆ ಬಾಗಿಲು ತೆಗೆದೆ. ಇವರ ಕೈಯಲ್ಲಿ ಐಸ್ ಟ್ರೇ. ಕಾಲು ಸ್ಟೂಲಿನ ಮೇಲೆ ಆರಾಮಾಗಿ, ಒಂದು ಹನಿ ನೀರೂ ಸೋಕದೆ. ಐಸೆಲ್ಲ ಕುಂಡದೊಳಗೆ — ಒಂದು ತುಂಡು ಎಲೆಯ ಮೇಲೆ ಕೂತು ಕರಗುತ್ತಿದೆ.

"ಓಹೋ! ಮೊಣಕಾಲು ಗಿಡಕ್ಕೆ ಯಾವಾಗ ಬಂತು?"

ಇವರು ಟ್ರೇ ಬೆನ್ನ ಹಿಂದೆ ಇಟ್ಟುಕೊಂಡರು. ಅರವತ್ತರ ಗಂಡಸು! "ಸಿಂಕಿಗೆ ಹಾಕೋಕೆ ಎದ್ದು ಹೋಗ್ಬೇಕಲ್ಲ. ಗಿಡಕ್ಕಾದ್ರೂ ನೀರಾಗ್ಲಿ ಅಂತ…"

"ಪಂದ್ಯ ಕಟ್ಟೋರೂ ನೀವೇ, ಕುದುರೆ ಕಾಲು ಮುರಿಯೋರೂ ನೀವೇ."

"ಐಸಿಗೆ ಎಲೆ ಸುಡುತ್ತೆ ಅಂತ ಯಾರಿಗೆ ಗೊತ್ತಿತ್ತು? ದೇವ್ರಾಣೆ ಗೊತ್ತಿರ್ಲಿಲ್ಲ."

ಅದನ್ನು ನಂಬಿದೆ. "ಕಾಲಿಗೆ ಯಾಕೆ ಇಡ್ಲಿಲ್ಲ? ಅದನ್ನ ಹೇಳಿ."

ಟ್ರೇ ಮಡಿಲಿಗೆ ಇಟ್ಟುಕೊಂಡರು. "ಕಾಲು ಸರಿಹೋದ್ರೆ ಅಂಗಡೀಲಿ ಕೂರಿಸ್ತೀಯ. ಕುರ್ಚಿ ಬೇರೆ ಮಾಡಿಸಿಟ್ಟಿದೀಯ, ಮೆತ್ತೆ ಹಾಕಿ. ನನ್ನ ಆಯಸ್ಸೆಲ್ಲ ಸೀಟಲ್ಲೇ ಕಳೀತು ಕಣೇ. ಇನ್ನೊಂದು ಸೀಟಿಗೆ ಹಾಕ್ಬೇಡ."

ಊರಿಗೆಲ್ಲ ಅಳತೆ ಹಿಡಿಯುವ ನಾನು ಮನೆಯವರಿಗೆ ಹಿಡಿದಿರಲಿಲ್ಲ. ತಪ್ಪು ನನ್ನದೇ. ಇದು ಅಪರೂಪ, ಅದಕ್ಕೇ ಬರೆದಿಡುತ್ತಿದ್ದೇನೆ.

ಫೆಬ್ರವರಿ 21

ಕುಂಡ ಬುಡಮೇಲು ಮಾಡಿದೆ. ಬೇರು ಅರ್ಧ ಕೊಳೆತಿದೆ, ಮುಟ್ಟಿದರೆ ಲೋಳೆ. ನಾನು ಸುರಿದ ನೀರು, ಇವರು ಸುರಿದ ಐಸು. ಪಾಲುದಾರಿಕೆಯ ಕೊಲೆಯತ್ನ. ಕೊಳೆತದ್ದು ಕತ್ತರಿಸಿ, ಗಟ್ಟಿ ಬೇರು ಉಳಿಸಿ, ತೊಗಟೆಯ ಚೂರಿನಲ್ಲಿ ಕೂರಿಸಿದೆ. ಕಿಟಕಿಗೆ ತೆಳು ಬಲೆಯ ಪರದೆ.

ಅಂಗಡಿಯ ಮೆತ್ತೆ ಕುರ್ಚಿ ಮನೆಗೆ ತರಿಸಿದೆ. ಅದರ ಮೇಲೆ ಕುಂಡ ಇಟ್ಟೆ.

ಇವರು ನೋಡಿದರು. ತಾವೇ ಫ್ರಿಜ್‌ನಿಂದ ಐಸ್ ತೆಗೆದು ಮೊಣಕಾಲಿಗೆ ಇಟ್ಟುಕೊಂಡರು. "ಅಬ್ಬಾ, ಗಿಡ ಹೇಗೆ ತಡ್ಕೊಂಡಿತ್ತೇ ಇದನ್ನ!"

ಏಪ್ರಿಲ್ 4

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಎಲೆಯ ಹಳೆಯ ಗುಳಿ ಹಾಗೇ ಇದೆ, ಅದು ಹೋಗುವುದಿಲ್ಲವಂತೆ. ಹೊಸದು ಬಂದಿಲ್ಲ. ಊತ ಇಳಿದಿದೆ. ಕೋಲು ಹಿಡಿದು ಮನೆಯೊಳಗೆಲ್ಲ ಓಡಾಟ. ಮೆಟ್ಟಿಲ ತನಕ ಹೋಗುತ್ತಾರೆ, ಕೆಳಗೆ ಬಗ್ಗಿ ನೋಡುತ್ತಾರೆ, "ಎಲೆ ಬಂದಿಲ್ಲ" ಎಂದು ವಾಪಸ್.

ಏಪ್ರಿಲ್ 26, ಬೆಳಿಗ್ಗೆ

ನಡುವಿನಲ್ಲಿ ಹಸಿರು ತುದಿ! ಕೂಗಿ ಕರೆದೆ.

"ಇದು ಎಲೆಯೇನೇ? ಮೂಗಿನ ತುದಿ ಇದ್ದ ಹಾಗಿದೆ."

ಅಂಗಡಿಯ ಟೇಪು ತಂದು ಹಿಡಿದೆ. "ನೋಡಿ, ಉದ್ದ ಇದೆ, ಅಗಲ ಇದೆ. ಎಲೆ. ಬಸ್ಸು ಹೊರಡೋ ಹೊತ್ತಾಯ್ತು."

ಅಂಗಿ ಬದಲಿಸಿದರು. ತಲೆ ಬಾಚಿದರು, ಎರಡು ಸಲ. ಹಿಂದೆಯೇ ಹೊರಟೆ, "ಬರ್ಬೇಡ" ಅಂದರು. ಕೋಲಿನ ಸದ್ದು ಒಂದೊಂದೇ ಮೆಟ್ಟಿಲು ಇಳಿಯಿತು. ನಡುವೆ ನಿಂತಿತು. ಮತ್ತೆ ಟಕ್… ಟಕ್…

ಆಮೇಲೆ

ಇನ್ನೂ ಬಂದಿಲ್ಲ. ಅಂಗಡಿ ತೆಗೆದಿಲ್ಲ ನಾನು. ನರ್ಸರಿಯವನ ಫೋನ್: "ಇಲ್ಲಿದ್ದಾರೆ." ಇಟ್ಟ. ಜಿಪುಣ!

ಕಿಟಕಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅಗೋ, ತಿರುವಿನಲ್ಲಿ ಬಂದರು. ಯಾರೊಂದಿಗೋ ಜೋರು ನಗು. ಬಲಗೈಯಲ್ಲಿ ಒಂದು ಆರ್ಕಿಡ್ ಕುಂಡ, ಎಡಗೈಯಲ್ಲಿ ಇನ್ನೊಂದು. ಇಡುವುದಕ್ಕೆ ಜಾಗ ಎಲ್ಲಿದೆ ಈ ಮನೆಯಲ್ಲಿ, ಬರಲಿ, ಕೇಳುತ್ತೇ—

ತಾಳು. ಎರಡು ಕೈಯಲ್ಲೂ ಕುಂಡ. ಹಾಗಾದರೆ ಕೋಲು ಎಲ್ಲಿ?