ಜಾಲರಿಯೊಳಗಿನ ದನಿ

ದೊಡ್ಡಬಳ್ಳಾಪುರ
ಬುಧವಾರ, ೧೪ ಆಗಸ್ಟ್ ೨೦೨೪

ಪ್ರೀತಿಯ ಅತ್ತೆಗೆ,

ಸಿಂಧು, ಕೂಸು ಹೇಗಿದ್ದಾರೆ? ಮಗಳ ಬಾಣಂತನದ ಗಡಿಬಿಡಿಯಲ್ಲಿ ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೋ ಇಲ್ಲವೋ. ಫೋನಿನಲ್ಲಿ ನಿಮಗೆ ಅರ್ಧ ಮಾತೂ ಕೇಳಿಸುವುದಿಲ್ಲ, ಹಸಿ ಬಾಣಂತಿಗೆ ಹೇಳಿ ಹೆದರಿಸಲು ನನಗೆ ಮನಸ್ಸಿಲ್ಲ. ಅದಕ್ಕೇ ಸೂಲಿಬೆಲೆಗೆ ಹೊರಟಿರುವ ನಿಮ್ಮ ಮಗನ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಮಗ್ಗ ಶುರುಮಾಡಲು ಸೆಲ್ಲರಿಗೆ ಇಳಿದರೆ ಕೊನೆಯ ಮೆಟ್ಟಿಲಲ್ಲೇ ಕಾಲು ಒದ್ದೆಯಾಯಿತು. ಬೀದಿಯ ಒಳಚರಂಡಿ ಕಟ್ಟಿಕೊಂಡು, ಕೊಳಕೆಲ್ಲ ಮೂಲೆಯ ಜಾಲರಿಯಿಂದ ನಮ್ಮ ಸೆಲ್ಲರಿಗೇ ಉಕ್ಕಿಬಂದಿತ್ತು. ಆ ನಾತ ಹೇಳಬಾರದು ಅತ್ತೆ. ಮಾವ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿದರೂ ನೀರು ಏರುತ್ತಲೇ ಇತ್ತು. ಇವರು ನಗರಸಭೆಯ ಗಾಡಿ ಕರೆತರಲು ಹೋದರು. ನಾನು ಒಬ್ಬಳೇ ರೇಷ್ಮೆ ನೂಲನ್ನು ಮೇಲಕ್ಕೆ ಸಾಗಿಸುತ್ತಿದ್ದೆ. ಜಾಲರಿಯ ಬುಳುಬುಳು ಸದ್ದು ಇದ್ದಕ್ಕಿದ್ದಂತೆ ನಿಂತಿತು. ಆಮೇಲೆ ಅದರೊಳಗಿಂದ ಒಂದು ಹೆಣ್ಣುದನಿ, ಊಟಕ್ಕೆ ಕರೆಯುವಷ್ಟು ಮೆಲ್ಲಗೆ, "ಮುನಿಗಂಗಾ... ಮುನಿಗಂಗಾ..." ಅಂದಿತು.

ಕೈಯಲ್ಲಿದ್ದ ನೂಲೆಲ್ಲ ನೀರಿಗೆ ಬಿತ್ತು. ನಾನು ಕೂಗಿಕೊಂಡಿದ್ದಕ್ಕೆ ಮಾವ ಇಳಿದು ಬಂದರು. ಅವರಿಗೂ ಕೇಳಿಸಿತು. "ಪಕ್ಕದ್ಮನೆ ಬಚ್ಚಲೂ ಇದೇ ಲೈನಿಗೆ ಸೇರ್ತದೆ. ಅಲ್ಲಿ ಯಾರೋ ಕೂಗ್ತಾವ್ರೆ ಕಣಮ್ಮಾ, ಬೇಗ ಹೋಗ್ ನೋಡು" ಅಂದರು.

ಪಕ್ಕದ ಮನೆಯ ಮುನಿಗಂಗಮ್ಮನ ಮಗ, ಸೊಸೆ ಘಾಟಿ ದೇವಸ್ಥಾನಕ್ಕೆ ಹೋಗಿದ್ದರು. ಹಿತ್ತಿಲ ಬಾಗಿಲಿಂದ ನುಗ್ಗಿ ನೋಡಿದರೆ ಅವರು ಬಚ್ಚಲಲ್ಲಿ ಅಂಗಾತ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು. ಮನೆಯಲ್ಲಿ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿದೆವು. ಪ್ರಾಣಕ್ಕೆ ಅಪಾಯವಿಲ್ಲ. ನಿನ್ನೆ ನನ್ನ ಕೈ ಹಿಡಿದು ಒತ್ತಿದರು, ಆದರೆ ಮಾತಿಲ್ಲ. ಲಕ್ವ ಹೊಡೆದ ಕ್ಷಣಕ್ಕೇ ನಾಲಿಗೆ ಬಿದ್ದುಹೋಗಿರಬೇಕು, ಕೂಗಲು ಆಗುತ್ತಲೇ ಇರಲಿಲ್ಲ ಎಂದರು ಡಾಕ್ಟರು.

ಹಾಗಾದರೆ ಕರೆದದ್ದು ಯಾರು ಎಂದು ಮಾವನನ್ನು ಕೇಳಿದೆ. "ಜೀವ ಉಳೀತಲ್ಲ, ಅದನ್ನೆಲ್ಲಾ ಕೆದಕ್ಬೇಡ" ಎಂದು ಎದ್ದು ಹೋದರು.

ಗಾಡಿಯ ಚಲಪತಿ ಬೀದಿಯಿಂದಲೇ ಪೈಪು ಬಿಟ್ಟು, ಜೋರಾಗಿ ನೀರು ಹಾಯಿಸಿ, ಕಟ್ಟಿಕೊಂಡಿದ್ದ ಬೇರು, ಬಟ್ಟೆಗಳನ್ನು ಹೊರಗೆಳೆದರು. ಸೆಲ್ಲರನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದೇವೆ. ಮೋಟಾರುಗಳು ಒಣಗಿದ ಮೇಲೆ ಮಗ್ಗ ಓಡಬಹುದು.

ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮ ಪಾದಕ್ಕೆ ನಮಸ್ಕಾರ.

ನಿಮ್ಮ ಸೊಸೆ
ಮಮತ

ತಾ.ಕ.: ಇವರು ಹೊರಗೆ ಹಾರನ್ ಹೊಡೆಯುತ್ತಿದ್ದಾರೆ. ಲಕೋಟೆಗೆ ಅಂಟು ತರಲು ಈಗ ಸೆಲ್ಲರಿಗೆ ಇಳಿದಿದ್ದೆ. ನೆಲ ಒಣಗಿತ್ತು. ಜಾಲರಿಯಲ್ಲಿ ಮತ್ತೆ ಅದೇ ದನಿ. ಈ ಸಲ ನಿಮ್ಮ ಹೆಸರು, "ಅನುಸೂಯಾ" ಅಂದಿತು. ಅತ್ತೆ, ಬಚ್ಚಲಿಗೆ ಹೋದಾಗ ಚಿಲಕ ಹಾಕಿಕೊಳ್ಳಬೇಡಿ. ಇದನ್ನು ಓದಿದ ತಕ್ಷಣ, ಏನೂ ಆಗಿಲ್ಲದಿದ್ದರೂ ಸರಿ, ಆಸ್ಪತ್ರೆಗೆ ಹೋಗಿ; ದನಿಯ ಮಾತು ಇವರು ನಂಬುವುದಿಲ್ಲ, ಏನಾದರೊಂದು ನೆಪ ಹೇಳಿ ಇವರ ಗಾಡಿಯನ್ನೇ ಹತ್ತಿ.